ಚಿಕ್ಕಮಾದನಿಗೆ ಗೊತ್ತಿಲ್ಲದ ವಿಷ

ಎನ್. ಬೇಗೂರಿನ ಹಾಡಿಯಲ್ಲಿ ಯಾರಿಗೆ ಏನು ಕಚ್ಚಿದರೂ ಕರೆ ಬರುತ್ತಿದ್ದುದು ಚಿಕ್ಕಮಾದನಿಗೇ. ಹೆಜ್ಜೇನು, ಚೇಳು, ಜರಿ, ಕಂಬಳಿಹುಳ, ಯಾವುದಕ್ಕೆ ಯಾವ ಸೊಪ್ಪು ಎಂದು ಅವನು ಯೋಚಿಸಬೇಕಾಗಿಯೇ ಇರಲಿಲ್ಲ. ಅವನ ಹೆಂಡತಿ ಕುಳ್ಳಮ್ಮನದು ಬೇರೆಯೇ ಚಾಳಿ. ಎಂಥ ಹುಳು ಕಂಡರೂ ಅದರ ಮುಂದೆ ಕುಕ್ಕರಗಾಲಲ್ಲಿ ಕೂತುಬಿಡುವಳು. ಇದರ ಬಾಯೆಲ್ಲಿ, ಇದು ಮಲಗೋದು ಹೆಂಗೆ ಎಂದು ಕೇಳುವಳು. ಕಚ್ಚಿಸಿಕೊಂಡರೆ ಗಂಡನ ಮುಂದೆ ಕೈ ಚಾಚುವಳು.

೧೯೬೭ರ ಬೇಸಿಗೆ ಮುಗಿಯುತ್ತಿತ್ತು. ದಿಮ್ಮಿ ತುಂಬಿದ ಲಾರಿಯೊಂದು ಕಲ್ಲಿಕೋಟೆಗೆ ಹೊರಟಾಗ ಇಳಿಸುವ ಕೂಲಿಗೆ ಚಿಕ್ಕಮಾದ ಹತ್ತಿದ. ಕುಳ್ಳಮ್ಮ ತಾನೂ ಬರುತ್ತೇನೆಂದು ಹಟ ಹಿಡಿದಳು.

"ಬರ್ಲಿ ಬುಡ್ಲಾ, ಸಮುದ್ರ ಒಂದ್ಸಲ ನೋಡ್ಕಳ್ಲಿ" ಎಂದ ಬಿಳಿಕೆರೆಯ ಡ್ರೈವರ್ ಅಣ್ಣಯ್ಯ.

ಮಾರನೆಯ ದಿನ ಮಧ್ಯಾಹ್ನ ದಿಮ್ಮಿ ಇಳಿಸಿ ಮುಗಿಯಿತು. ಅಣ್ಣಯ್ಯ ಲಾರಿಯಲ್ಲೇ ಮಲಗಿದ. ಗಂಡಹೆಂಡಿರು ಮರಳಿನ ಮೇಲೆ ನಡೆದರು. ಅಷ್ಟು ನೀರನ್ನು ಇಬ್ಬರೂ ಎಂದೂ ಕಂಡಿರಲಿಲ್ಲ. ಕುಳ್ಳಮ್ಮ ಮೊಣಕಾಲುದ್ದದ ನೀರಿಗೆ ಇಳಿದಳು.

"ಬಾ ಇಲ್ಲಿ, ನೋಡಿದು! ಗಾಜಿನಂಗದೆ. ಉಸ್ರಾಡ್ತದೆ ಕಣೋ. ಕಣ್ಣೆಲ್ಲೈತೆ ಇದ್ಕೆ?"

"ಮುಟ್ಬ್ಯಾಡ ಕಣಮ್ಮಿ" ಎನ್ನುವಷ್ಟರಲ್ಲಿ ಅವಳು ಬಾಗಿ, ತೇಲುತ್ತಿದ್ದ ಆ ಲೋಳೆಯಂಥ ಪ್ರಾಣಿಯನ್ನು ಎರಡೂ ಕೈಯಲ್ಲಿ ಎತ್ತಿದ್ದಳು. ಅದರ ಕೆಳಗಿನ ನೀಲಿ ಎಳೆಗಳು ಬಲಗೈಗೆ ಸುತ್ತಿಕೊಂಡವು. ಕುಳ್ಳಮ್ಮ ಕಿರುಚಿ ನೀರಿಗೆ ಬಿದ್ದಳು.

ಚಿಕ್ಕಮಾದ ಅವಳನ್ನು ದಡಕ್ಕೆ ಎಳೆದು ತಂದ. ತೋಳಿನ ಮೇಲೆ ಬೆತ್ತದಿಂದ ಹೊಡೆದಂತೆ ಬಾಸುಂಡೆ ಏಳುತ್ತಿತ್ತು. ಸೊಪ್ಪಿಗೆಂದು ಸುತ್ತ ನೋಡಿದ. ಮರಳು, ದೋಣಿ, ದೂರದಲ್ಲಿ ತೆಂಗು. ಒಂದು ಹಸಿರೆಲೆಯೂ ಅವನ ಪರಿಚಯದ್ದಲ್ಲ. ಕೊನೆಗೆ ಮರಳನ್ನೇ ಬೊಗಸೆಯಲ್ಲಿ ತೆಗೆದು ತೋಳಿಗೆ ತಿಕ್ಕತೊಡಗಿದ. ಅವಳು ಇನ್ನೂ ಜೋರಾಗಿ ಕೂಗಿದಳು. ಅವನು ಇನ್ನೂ ಜೋರಾಗಿ ತಿಕ್ಕಿದ.

ಮೀನು ಒಣಹಾಕುತ್ತಿದ್ದ ಮುದುಕಿಯೊಬ್ಬಳು ಓಡಿಬಂದು ಅವನ ಕೈ ತಳ್ಳಿದಳು. "ಕಡಲ್‌ಚೊರಿ! ಕಡಲ್‌ಚೊರಿ!" ಎಂದು ಆ ಲೋಳೆಮೀನಿನ ಹೆಸರು ಹಿಡಿದು ಬೈಯುತ್ತ ತೋಳಿಗೆ ಸಮುದ್ರದ ನೀರು ಸುರಿದಳು. ತಿಕ್ಕಿದರೆ ವಿಷ ಇನ್ನೂ ಏರುತ್ತದೆ ಎಂದಳು. ಬೇಗೂರು ಕೇರಳದ ಗಡಿಯ ಊರು. ಅವಳ ಮಲಯಾಳ ಅವನಿಗೆ ಚೆನ್ನಾಗಿಯೇ ತಿಳಿಯಿತು.

"ಉಸ್ರು ಸಿಕ್ತಿಲ್ಲ. ಏನಾರ ಹಾಕೋ" ಎಂದಳು ಕುಳ್ಳಮ್ಮ.

"ನಂಗೊತ್ತಿಲ್ಲ ಕಣಮ್ಮಿ" ಎಂದ ಚಿಕ್ಕಮಾದ. ಈ ಮಾತನ್ನು ಅವನು ಅವಳಿಗೆ ಹೇಳಿದ್ದು ಅದೇ ಮೊದಲು.

ಅಣ್ಣಯ್ಯ ಲಾರಿಯಲ್ಲೇ ಆಸ್ಪತ್ರೆಗೆ ಸಾಗಿಸಿದ. ನಾಲ್ಕು ದಿನ ಚಿಕ್ಕಮಾದ ವರಾಂಡದಲ್ಲಿ ಕೂತ. ಒಳಗೆ ಅವಳು ನರಳುವುದು ಕೇಳುತ್ತಿತ್ತು. ಯಾರಾದರೂ ಹೊರಬಂದರೆ ಎದ್ದು ನಿಲ್ಲುತ್ತಿದ್ದ. ಅವರು ಹಾಗೇ ಹೋದರೆ ಮತ್ತೆ ಕೂರುತ್ತಿದ್ದ.

ಜೀವ ಉಳಿಯಿತು. ಆದರೆ ತೋಳಿನಿಂದ ಬೆರಳವರೆಗೂ ಇದ್ದ ಗಾಯ ಕೀತು, ವಾಸಿಯಾಗುವಾಗ ಚರ್ಮ ಎಳೆದುಕೊಂಡಿತು. ಬಲಗೈಯ ಮೂರು ಬೆರಳು ಮತ್ತೆ ಮಡಚಲು ಬರಲಿಲ್ಲ. ಅಂದಿನಿಂದ ಬೆಳಿಗ್ಗೆ ರಾಗಿ ಬೀಸುವುದು ಚಿಕ್ಕಮಾದನ ಕೆಲಸವಾಯಿತು. ಹಾಡಿಯ ಹೆಂಗಸರು ಬಂದು ಕೇಳಿದಾಗಲೆಲ್ಲ ಕುಳ್ಳಮ್ಮ ಆ ಪ್ರಾಣಿ ಹೇಗೆ ಅರಳುತ್ತಿತ್ತು, ಹೇಗೆ ಮುದುಡುತ್ತಿತ್ತು ಎಂದು ಎಡಗೈಯಲ್ಲಿ ಮಾಡಿ ತೋರಿಸುತ್ತಿದ್ದಳು. ಅವನು ಬೀಸುವುದನ್ನು ಅಲ್ಲಿಗೇ ನಿಲ್ಲಿಸಿ ಎದ್ದು ಹೊರಗೆ ಹೋಗಿಬಿಡುತ್ತಿದ್ದ.