ಬಸಳೆಯ ಬುಡಕ್ಕೊಂದು ಹನಿ

ಟಪ್— ಅಂತೂ ಬಿತ್ತು, ಇಷ್ಟು ಹೊತ್ತು ನಲ್ಲಿಯ ಬಾಯಲ್ಲಿ ನೇತಾಡಿಕೊಂಡಿದ್ದ ಹನಿ, ಮೊದಲು ಸಾಸಿವೆಯಷ್ಟಿತ್ತು, ಆಮೇಲೆ ಮೆಣಸಿನ ಕಾಳಿನಷ್ಟಾಯಿತು, ಆಮೇಲೆ ಕತ್ತು ಉದ್ದ ಮಾಡಿಕೊಂಡು, ಇಡೀ ಬಸಳೆ ಚಪ್ಪರವನ್ನು ಹೊಟ್ಟೆಯೊಳಗೆ ತಲೆಕೆಳಗಾಗಿ ತುಂಬಿಕೊಂಡು, ಈಗ ಬಿದ್ದೆ ಈಗ ಬಿದ್ದೆ ಎನ್ನುತ್ತ ಬೀಳದೆ ಸತಾಯಿಸಿ— ಲೀಲಮ್ಮ ಹಿತ್ತಿಲ ಮೆಟ್ಟಿಲ ಮೇಲೆ ಕುಳಿತು ಹಲಸಿನ ಬೀಜದ ಸಿಪ್ಪೆ ಸುಲಿಯುತ್ತಿದ್ದಾಳೆ, ಕೈ ತನ್ನ ಪಾಡಿಗೆ ತಾನು ಸುಲಿಯುತ್ತಿದೆ, ಕಣ್ಣು ನಲ್ಲಿಯ ಮೇಲೆ, ಕಿವಿ ಮುಂಬಾಗಿಲ ಮೇಲೆ, ಹತ್ತು ಗಂಟೆಗೆ ಪ್ಲಂಬರ್ ಕಿಶನ್ ಬರುತ್ತಾನೆ, ಇದು ಮೂರನೆಯ ಸಲ, ಈ ಸಲ ಅವನನ್ನು ವಾಪಸು ಕಳಿಸುವ ಹಾಗಿಲ್ಲ, ಇವರು ಹೇಳಿಬಿಟ್ಟಿದ್ದಾರೆ. ಇವರೆಂದರೆ ದಕ್ಷಿಣಾಮೂರ್ತಿ, ಮೂವತ್ತು ವರ್ಷ ಸರ್ಕಾರದ ಫೈಲುಗಳ ನಡುವೆ ಬದುಕಿ ಹೆಂಡತಿಯ ಹತ್ತಿರವೂ ಫೈಲಿನ ಭಾಷೆಯಲ್ಲೇ ಮಾತಾಡುವ ಗಂಡ, ಕಿದ್ವಾಯಿ ನಗರದ ಈ ಕ್ವಾರ್ಟರ್ಸಿನಲ್ಲಿ ಒಂದು ಕಿಟಕಿಯ ಚಿಲಕ ಸಡಿಲವಾದರೂ ಕಾಲೊನಿಯ ರಿಪೇರಿ ಆಫೀಸಾದ ಎನ್‌ಕ್ವಯರಿಗೆ ನಡೆದು ಹೋಗಿ ಕಂಪ್ಲೇಂಟು ಬರೆಸಿ, ಅದರ ನಂಬರನ್ನು ತಂದು ಕ್ಯಾಲೆಂಡರಿನಲ್ಲಿ ಗುರುತು ಹಾಕಿಡುವವರು, ಹಿತ್ತಿಲ ನಲ್ಲಿ ತೊಟ್ಟಿಕ್ಕುತ್ತದೆ ಎಂದು ಮಾರ್ಚಿನಲ್ಲೊಮ್ಮೆ ಬರೆಸಿದರು, ಏಪ್ರಿಲಿನಲ್ಲೊಮ್ಮೆ ಬರೆಸಿದರು, ಎರಡು ಸಲವೂ ಕಿಶನ್ ಬಂದದ್ದು ಇವರು ಆಫೀಸಿಗೆ ಹೋದ ಮೇಲೆ, ಎರಡು ಸಲವೂ ಲೀಲಮ್ಮ ಬಾಗಿಲಿಗೆ ಅಡ್ಡ ನಿಂತು, ಠೀಕ್ ಹೋ ಗಯಾ ಭಯ್ಯಾ, ಅಪನೇ ಆಪ್ ಠೀಕ್ ಹೋ ಗಯಾ, ಎಂದುಬಿಟ್ಟಳು— ತನ್ನಷ್ಟಕ್ಕೆ ತಾನೇ ವಾಸಿಯಾಗಲು ನಲ್ಲಿಗೇನು ನೆಗಡಿಯಾಗಿತ್ತೇ— ಅಷ್ಟು ಹೊತ್ತಿಗೆ ಒಳಗಿನಿಂದ ಟಪ್ ಎಂದಿತು, ಇಬ್ಬರಿಗೂ ಕೇಳಿಸಿತು, ಕಿಶನ್ ಅವಳ ಮುಖ ನೋಡಿದ, ಕೆಲಸ ಮುಗಿದಿದೆಯೆಂದು ಮನೆಯವರು ಸಹಿ ಮಾಡುವ ಚೀಟಿಯನ್ನು ಮುಂದೆ ಹಿಡಿದ, ಅವಳು ಮಾಡಿದಳು, ನಿಧಾನಕ್ಕೆ, ಚೆಂದಕ್ಕೆ, ಕನ್ನಡದಲ್ಲಿ. ಅಲ್ಲೇ ಕೆಟ್ಟದ್ದು. ನಿನ್ನೆ ಇವರು ಎನ್‌ಕ್ವಯರಿಯಲ್ಲಿ ಮೇಜು ಕುಟ್ಟಿ, ಎರಡು ಕಂಪ್ಲೇಂಟಿಗೂ ಒಬ್ಬನೂ ಬರಲಿಲ್ಲವಲ್ಲ ಎಂದು ಕೂಗಾಡಿದ್ದಾರೆ, ಅಲ್ಲಿಯ ಬಾಬು ತಣ್ಣಗೆ ಚೀಟಿಗಳನ್ನು ತೆಗೆದು ಮುಂದಿಟ್ಟಿದ್ದಾನೆ, ದೇಖಿಯೇ ಸಾಬ್, ದಸ್ತಖತ್ ಹೈ, ಯೇ ಜಲೇಬಿ ಜೈಸಾ ಕಿಸ್‌ಕಾ ಹೈ— ಇಡೀ ಕಾಲೊನಿಯಲ್ಲಿ ಜಿಲೇಬಿ ಸುತ್ತಿದ ಹಾಗೆ ಸಹಿ ಮಾಡುವವಳು ಒಬ್ಬಳೇ ಒಬ್ಬಳು. ಮನೆಗೆ ಬಂದವರು ಬೈಯಲಿಲ್ಲ, ಕಾಫಿ ಕುಡಿದರು, ಲೋಟ ಕೆಳಗಿಟ್ಟರು, ಅಕ್ಷರ ದುಂಡಗಿದೆ ಲೀಲಾ, ಸುಳ್ಳಿಗೆ ಇಷ್ಟು ಒಳ್ಳೆಯ ಅಕ್ಷರ ಯಾಕೆ ದಂಡ ಮಾಡಿದೆ, ಎಂದರು, ಅವಳಿಗೆ ನಾಚಿಕೆಯಾಗುವುದರ ಬದಲು ನಗು ಬಂತು, ಇವರಿಗೂ ಬಂತು, ಮೀಸೆಯ ಕೆಳಗೇ ಅದುಮಿಟ್ಟುಕೊಂಡು, ನಾಳೆ ಹತ್ತಕ್ಕೆ ಬರುತ್ತಾನೆ, ಮಾಡಿಸು, ಎಂದು ಪೇಪರು ಬಿಡಿಸಿಕೊಂಡರು.

ಬಸಳೆಗೆ ಚೊಂಬಿನಲ್ಲಿ ನೀರು ಹಾಕಿದರಾಗದೇ ಎನ್ನುತ್ತಾರೆ, ಆಗುವುದಿಲ್ಲ ರೀ, ಮೊದಲನೆಯ ವರ್ಷ ಹಾಕಿ ನೋಡಿದ್ದೇನಲ್ಲ, ಬೆಳಿಗ್ಗೆ ಹೊಯ್ದ ನೀರು ಒಂಬತ್ತಕ್ಕೆ ಇಲ್ಲ, ಈ ಡೆಲ್ಲಿಯ ಮೇ ತಿಂಗಳ ಬಿಸಿಗಾಳಿಗೆ ಮಧ್ಯಾಹ್ನದೊಳಗೆ ಎಲೆ ಹಪ್ಪಳ, ಬಸಳೆಗೆ ಹೊಟ್ಟೆ ತುಂಬ ನೀರು ಬೇಡ, ಪಾದ ಸದಾ ತಂಪಾಗಿರಬೇಕು, ಅದಕ್ಕೇ ಬ್ರಹ್ಮಾವರದ ಮನೆಯಲ್ಲಿ ಅಮ್ಮ ಅದನ್ನು ನೆಟ್ಟದ್ದು ಪಾತ್ರೆ ತೊಳೆಯುವ ಕಲ್ಲಿನ ಪಕ್ಕ, ಯಾರೂ ಅದಕ್ಕೆಂದು ನೀರು ಹಾಕಿದ್ದೇ ಇಲ್ಲ. ಆ ಚಪ್ಪರದಿಂದಲೇ ಮುರಿದುಕೊಂಡ ಕಡ್ಡಿ ಇದು, ಒದ್ದೆ ಪಂಚೆಯ ತುಂಡಿನಲ್ಲಿ ಸುತ್ತಿ, ಮಂಗಳಾ ಎಕ್ಸ್‌ಪ್ರೆಸ್ಸಿನ ಮೇಲಿನ ಬರ್ತಿನಲ್ಲಿ ತಲೆದಿಂಬಿನ ಹತ್ತಿರ ಮಲಗಿಸಿಕೊಂಡು, ರತ್ನಾಗಿರಿಯಲ್ಲೊಂದು ಚಿಮುಕು ನೀರು, ಭೂಸಾವಳದಲ್ಲೊಂದು ಚಿಮುಕು, ಝಾನ್ಸಿಯಲ್ಲೊಂದು, ಎದುರಿನ ಸೀಟಿನ ಹೆಂಗಸು ಕೇಳಿಯೇಬಿಟ್ಟಳು, ಬಚ್ಚಾ ಹೈ ಕ್ಯಾ ಅಂದರ್, ಮಗುವಾ ಒಳಗಿರುವುದು, ಎಂದು. ಒಂದು ವರ್ಷವಿಡೀ, ಬದುಕಿದ್ದೇನೆ ಅಷ್ಟೆ ಎನ್ನುವ ಹಾಗೆ ನೆಲಕ್ಕಂಟಿಕೊಂಡಿತ್ತು, ಆಮೇಲೆ ನಲ್ಲಿ ಕೆಟ್ಟಿತು, ಪುಣ್ಯಾತ್ಮ ನಲ್ಲಿ, ಹಗಲೂ ರಾತ್ರಿ ಬುಡಕ್ಕೆ ಹನಿ ಹನಿ, ಬಳ್ಳಿ ಎದ್ದು ನಿಂತಿತು, ಹಳೇ ಮಂಚದ ಬಿದಿರಿನ ಚಪ್ಪರ ಹತ್ತಿತು, ಈಗ ನೋಡಿದರೆ ಅಂಗೈ ಅಂಗೈಯಷ್ಟು ಎಲೆ, ಮುರಿದರೆ ಪಟ್ ಎನ್ನುವ ದಂಟು. ಇನ್ನು ಹರ್ಷಿಣಿ— ಮಗಳಿಗೆ ನಾಲ್ಕನೇ ತಿಂಗಳು, ಇಂದಿರಾಪುರಂನ ಎಂಟನೆಯ ಮಹಡಿಯ ಮನೆಯಲ್ಲಿ ಒಂದು ಮುಷ್ಟಿ ಮಣ್ಣಿಲ್ಲ, ತಿಂದದ್ದೊಂದೂ ಹೊಟ್ಟೆಯಲ್ಲಿ ನಿಲ್ಲುತ್ತಿಲ್ಲ, ಅನ್ನ ಇಲ್ಲ, ರೊಟ್ಟಿ ಇಲ್ಲ, ಅಳಿಯ ಹಿತೇಶ್ ದಾಳಿಂಬೆ ಬಿಡಿಸಿ ಬಿಡಿಸಿ ಸೋತ, ಮೂರು ವಾರದ ಹಿಂದೆ ಬಂದವಳು ಮೂಗು ಮುಚ್ಚಿಕೊಂಡೇ ಒಳಗೆ ಬಂದು, ಅಮ್ಮಾ, ಯೇ ಕಿಸ್‌ಕೀ ಸ್ಮೆಲ್ ಹೈ, ಬಸಳೆನಾ, ಥೋಡಾ ಹಾಕು, ಎಂದು ಎರಡು ತಟ್ಟೆ ಉಂಡು, ಇಲ್ಲೇ ಚಾಪೆಯ ಮೇಲೆ ನಿದ್ದೆ ಹೋದಳು, ಲೀಲಮ್ಮ ಒಂದು ಗಂಟೆ ಪಕ್ಕದಲ್ಲೇ ಬಕೆಟ್ಟು ಇಟ್ಟುಕೊಂಡು ಕಾದಳು, ಬಕೆಟ್ಟು ಬೇಕಾಗಲಿಲ್ಲ. ಅವತ್ತೇ ಹಿತೇಶ್ ತೋರಿಸಿದ್ದು, ಸ್ಕ್ಯಾನಿನ ಕಪ್ಪು ಹಾಳೆ, ಇಲ್ಲಿ ನೋಡಿ ಅತ್ತೆ, ಎಲ್ಲಿ, ಇಲ್ಲಿ, ನಲ್ಲಿಯ ಬಾಯಲ್ಲಿ ನಿಂತ ಹಾಗೆ ಒಂದು ಬೆಳ್ಳಗಿನ ಹನಿ. ನಾಳೆ ಭಾನುವಾರ ಬರುತ್ತಾಳೆ, ಬೇಸಿಗೆ ಕಳೆಯುವವರೆಗೆ ಇಲ್ಲೇ, ದಿನಾ ಬಸಳೆ ಹುಳಿ ಮಾಡಮ್ಮಾ, ಪಕ್ಕಾ, ಎಂದಿದ್ದಾಳೆ ಫೋನಿನಲ್ಲಿ, ಅದಕ್ಕೇ ಐಎನ್‌ಎ ಮಾರ್ಕೆಟ್ಟಿಗೆ ಹೋಗಿ ಹುಡುಕಿ ತಂದ ಹಲಸಿನ ಬೀಜ ಇದು, ಹುಳಿಗೆ, ಇವತ್ತು ನಲ್ಲಿ ನಿಂತರೆ ಇನ್ನೊಂದು ವಾರ ಎಲೆ ಸಿಕ್ಕೀತು, ಆಮೇಲೆ ಜೂನ್ ತಿಂಗಳಿಡೀ ಆ ಹುಡುಗಿ ಏನು ತಿನ್ನಬೇಕು—

ಇವರು ಹೇಳಿದ್ದಕ್ಕೇ ಆಗಿದ್ದರೆ ಮೂರನೆಯ ಜಿಲೇಬಿಯನ್ನೂ ಸುತ್ತಿಬಿಡುತ್ತಿದ್ದಳೋ ಏನೋ, ಆದರೆ ಬೆಳಿಗ್ಗೆ ಬೀಜಿ. ಮೇಲಿನ ಮನೆಯ ಪಂಜಾಬಿ ಮುದುಕಿ, ಎಪ್ಪತ್ತೆಂಟು ವರ್ಷ, ಎಂಟು ಗಂಟೆಗೆ ಬಾಲ್ಕನಿಯಿಂದ ಬಗ್ಗಿ, ತಲೆ ತುಂಬ ಸಾಬೂನಿನ ನೊರೆ, ಒಂದು ಕಣ್ಣು ಮುಚ್ಚಿಕೊಂಡು, ಲೀಲಾ, ಓಯ್ ಲೀಲಾ, ಟಂಕಿ ಫಿರ್ ಖಾಲಿ, ಕೌನ್ ಪೀ ಜಾತಾ ಹೈ ಸಾರಾ ಪಾನೀ— ಎಲ್ಲ ನೀರನ್ನೂ ಕುಡಿಯುವವರು ಯಾರು, ಬೀಜಿ, ನಿಮಗೂ ನಮಗೂ ಇರುವುದೊಂದೇ ಟ್ಯಾಂಕು, ಕುಡಿಯುತ್ತಿರುವುದು ನಮ್ಮ ಬಸಳೆ. ಲೀಲಮ್ಮ ಅದನ್ನು ಹೇಳಲಿಲ್ಲ, ರಾತ್ರಿ ತುಂಬಿಸಿಟ್ಟಿದ್ದ ಎರಡು ಬಕೆಟ್ಟು ನೀರು ಹೊತ್ತು ಮಹಡಿ ಹತ್ತಿದಳು, ಮುದುಕಿಯ ತಲೆಗೆ ತಾನೇ ಹೊಯ್ದಳು, ಹಿಡಿಯಷ್ಟು ತಲೆ, ಹತ್ತಿಯಂಥ ಕೂದಲು, ಜೀತೀ ರಹ್ ಬೇಟಾ, ಬದುಕಿರು ಮಗಳೇ, ಎಂದಿತು ಆ ಜೀವ, ಒಂಬತ್ತಕ್ಕೆ ಟ್ಯಾಂಕಿಗೆ ಮತ್ತೆ ನೀರು ಬಂತು, ಮೊದಲು ಟಪ್ ಎಂದದ್ದು ನಮ್ಮ ನಲ್ಲಿ. ಕಿಶನ್ ಬಂದ, ಬೆಲ್ಲು ಒತ್ತಿದವನು ಬಾಗಿಲಾಚೆಯಿಂದಲೇ, ಮಾತಾಜೀ, ಆಜ್ ಭೀ ಅಪನೇ ಆಪ್ ಠೀಕ್ ಹೋ ಗಯಾ ಕ್ಯಾ, ಎಂದ, ಪೋಕರಿ, ಇಲ್ಲ, ಬಾ ಒಳಗೆ, ಎಂದು ಕನ್ನಡದಲ್ಲೇ ಕರೆದಳು, ಅವನಿಗೆ ಅರ್ಥವಾಯಿತು. ಹಿತ್ತಿಲಿಗೆ ಬಂದವನು ನಲ್ಲಿ ನೋಡಲಿಲ್ಲ, ಚಪ್ಪರ ನೋಡಿದ, ಅರೇ, ಇದು ನಮ್ಮ ಪೋಯೀ ಸೊಪ್ಪು, ಪೂರಬ್ ಕಡೆಯ ನಮ್ಮೂರಲ್ಲಿ ಅಮ್ಮ ಇದರ ಪಕೋಡಿ ಮಾಡುತ್ತಿದ್ದಳು ಮಾತಾಜೀ, ಎಂದು ಒಂದೆಲೆಯನ್ನು ಎರಡು ಬೆರಳಲ್ಲಿ ಹಿಡಿದು ಬಿಟ್ಟ, ಬುಡದ ಒದ್ದೆ ನೋಡಿದ, ನಲ್ಲಿ ನೋಡಿದ, ಅಚ್ಛಾ, ಇಸಕೇ ಲಿಯೇ, ಇದಕ್ಕೋಸ್ಕರ ನನ್ನನ್ನು ಎರಡು ಸಲ ಓಡಿಸಿದಿರಿ, ಎಂದು ನಕ್ಕ, ಹೆಗಲ ಚೀಲದಿಂದ ನಲ್ಲಿ ಬಿಚ್ಚುವ ಪಾನಾ ತೆಗೆದ, ಹಾಗೇ ಕೈಯಲ್ಲಿ ಹಿಡಿದು ನಿಂತ, ಏನು ಮಾಡಲಿ, ಹೇಳಿ. ಅವಳು ಹೇಳಬೇಕಿತ್ತು, ಅವನು ಕಾಯುತ್ತಿದ್ದ, ನಲ್ಲಿಯ ಬಾಯಲ್ಲಿ ಹನಿ ದಪ್ಪವಾಗುತ್ತಿತ್ತು, ಒಳಗೆ ತಲೆಕೆಳಗಾದ ಚಪ್ಪರ, ಮೇಲೆ ಬಾಲ್ಕನಿಯಲ್ಲಿ ಬೀಜಿ ಕೂದಲು ಒಣಗಿಸಿಕೊಳ್ಳುತ್ತಿದ್ದಳು— ಹಾಕು ಭಯ್ಯಾ, ಹೊಸಾ ವಾಷರ್ ಹಾಕು. ಎರಡು ನಿಮಿಷ, ಅಷ್ಟೆ, ಎರಡು ನಿಮಿಷದ ಕೆಲಸವನ್ನು ಮೂರು ತಿಂಗಳು ತಡೆದದ್ದು, ಹಳೇ ವಾಷರನ್ನು ಅವಳ ಅಂಗೈಗೆ ಹಾಕಿದ, ಚಾದಲ್ಲಿ ಅದ್ದಿದ ಬಿಸ್ಕತ್ತಿನ ಚೂರಿನಂತೆ ಇತ್ತು, ಚೀಟಿ ಮುಂದೆ ಹಿಡಿದ, ಸಹಿ ಮಾಡಿದಳು, ಈ ಸಲ ನಿಜದ್ದು, ಆದರೂ ಯಾಕೋ ಅಕ್ಷರ ವಕ್ರವಾಯಿತು, ಅವನಿಗೆ ನಾಲ್ಕೆಲೆ ಕಿತ್ತು ಪೇಪರಿನಲ್ಲಿ ಕಟ್ಟಿಕೊಟ್ಟಳು.

ಆಮೇಲೆ ಹಿತ್ತಿಲು ಸುಮ್ಮನಾಯಿತು, ಎಷ್ಟು ಸುಮ್ಮನೆಂದರೆ ಅಡುಗೆಮನೆಯ ಗಡಿಯಾರ ಇಲ್ಲಿಯವರೆಗೆ ಕೇಳಿಸುತ್ತದೆ, ಲೀಲಮ್ಮ ಮತ್ತೆ ಮೆಟ್ಟಿಲ ಮೇಲೆ, ಮತ್ತೆ ಬೀಜ, ಸಿಪ್ಪೆ, ಒಣಗಿದ ನಲ್ಲಿಯ ಬಾಯಿ ನೋಡುತ್ತ, ನೋಡುವುದೇನಿದೆ ಅಲ್ಲಿ, ಕೈಯಲ್ಲಿದ್ದ ಬೀಜ ಸಿಡಿದು ಉರುಳಿತು, ಹಾಳಾದ್ದು, ಉರುಳಿ ಉರುಳಿ ಈರುಳ್ಳಿಯ ಮಡಕೆಗೆ ತಾಗಿ ನಿಂತಿತು— ಆ ಮಡಕೆ, ಹೋಳಿ ಕಳೆದ ಮೇಲೆ ರಸ್ತೆ ಬದಿಯಲ್ಲಿ ಬಡಿದು ನೋಡದೆ ಕೊಂಡದ್ದು, ನೀರು ತುಂಬಿಸಿದರೆ ತಳದಲ್ಲಿ ಜಿನುಗುತ್ತದೆ, ಇವರು ಅದಕ್ಕೂ ಹಾಸ್ಯ ಮಾಡಿದ್ದರು, ಕಂಪ್ಲೇಂಟು ಬರೆಸಲೇನು ಎಂದು, ಬಿಸಾಡಲು ಮನಸ್ಸಾಗದೆ ಈರುಳ್ಳಿ ತುಂಬಿಸಿಟ್ಟಿದ್ದಳು, ತಳದಲ್ಲಿ ಜಿನುಗುತ್ತದೆ, ಜಿನುಗುತ್ತದಲ್ಲ, ಊರಿನ ದೇವಸ್ಥಾನದಲ್ಲಿ ಲಿಂಗದ ಮೇಲೆ ತೂಗುಹಾಕಿದ ಧಾರಾಪಾತ್ರೆ, ತಳದ ತೂತಿನಿಂದ ದೇವರ ನೆತ್ತಿಗೆ ಇಡೀ ದಿನ ಒಂದೊಂದೇ ಹನಿ, ಚಿಕ್ಕವಳಿದ್ದಾಗ ಕಂಬಕ್ಕೆ ಒರಗಿ ಎಣಿಸುತ್ತಿದ್ದಳು, ಎಣಿಸುತ್ತ ಎಣಿಸುತ್ತ ತೂಕಡಿಸುತ್ತಿದ್ದಳು— ಈರುಳ್ಳಿ ನೆಲದ ಮೇಲೆ ಚೆಲ್ಲಾಪಿಲ್ಲಿ, ಹಳೇ ಸೀರೆಯ ಅಂಚನ್ನು ಪರ್ ಎಂದು ಹರಿದಳು, ಮಡಕೆಯ ಕತ್ತಿಗೆ ಮೂರು ಸುತ್ತು, ಸ್ಟೂಲು ಹತ್ತಿ ಚಪ್ಪರದ ಬಿದಿರಿಗೆ ಬಿಗಿದಳು, ಬುಡಕ್ಕೆ ಸರಿಯಾಗಿ, ಇನ್ನೊಂಚೂರು ಈಚೆಗೆ, ಹಾಂ, ಅಕ್ಕಿ ತೊಳೆದ ನೀರು ಹೊಯ್ದಳು, ಬೇಳೆ ತೊಳೆದದ್ದು ಹೊಯ್ದಳು, ದಿನಾ ಚರಂಡಿಗೆ ಹೋಗುತ್ತಿದ್ದ ನೀರು, ಇನ್ನು ಮುಂದೆ ಇದಕ್ಕೇ, ಮೇಲಿನಿಂದ ಬೀಜಿ, ಲೀಲಾ, ಯೇ ಕ್ಯಾ ಲಟಕಾ ದಿಯಾ, ಏನೇ ಅದು ನೇತುಹಾಕಿದ್ದು, ಕುಛ್ ನಹೀಂ ಬೀಜಿ, ಆಪ್‌ಕಾ ನಹಾನಾ, ನಿಮ್ಮ ಸ್ನಾನ, ನಾಳೆಯಿಂದ ನಿಮ್ಮ ಟಂಕಿ ನಿಮಗೇ, ಪಾಗಲ್, ಎಂದು ಬೀಜಿ ನಕ್ಕಳು, ಲೀಲಮ್ಮ ಸ್ಟೂಲಿನಿಂದ ಇಳಿದು, ಸೆರಗಿನಲ್ಲಿ ಕತ್ತು ಒರೆಸಿಕೊಂಡು, ಮಡಕೆಯ ಕೆಳಗೆ ಕುಕ್ಕರಗಾಲಲ್ಲಿ ಕುಳಿತಳು, ಕೆಂಪು ಮಣ್ಣಿನ ತಳ ಮೊದಲು ಕಪ್ಪಗಾಯಿತು, ಆಮೇಲೆ ಮಿನುಗಿತು, ನಾಳೆ ಹನ್ನೊಂದಕ್ಕೆ ಹರ್ಷಿಣಿ ಬರುತ್ತಾಳೆ, ಹುಳಿ ಬಿಸಿಯಾಗಿರಬೇಕು, ಚಾಪೆ ಹಾಸಿರಬೇಕು, ತಳದ ನಡುವೆ ಒಂದು ಕಡೆ ಸಾಸಿವೆಯಷ್ಟು, ಬಕೆಟ್ಟು ಹತ್ತಿರ ಇರಲಿ, ಬೇಕಾಗುವುದಿಲ್ಲ, ಆದರೂ ಇರಲಿ, ಮೆಣಸಿನ ಕಾಳಿನಷ್ಟು, ಕತ್ತು ಉದ್ದವಾಗುತ್ತಿದೆ, ಒಳಗೆ ಇಡೀ ಚಪ್ಪರ ತಲೆಕೆಳಗಾಗಿ, ಹಸಿರಾಗಿ, ಸಣ್ಣಗೆ, ಮಡಚಿಕೊಂಡು, ನೇತಾಡುತ್ತ, ಈಗ ಬಿದ್ದೆ, ಈಗ ಬಿದ್ದೆ— ಆ ಹನಿ—