ಯೋಧರ ಪಾರ್ಕಿನ ಕಲ್ಲು

“ಲೇ ಬೋಳಿಮಗನೇ, ನಿನಗೆ ಕೆತ್ತು ಅಂದ್ವಿ. ಓದು ಅಂದೋರು ಯಾರೋ?”

ಪುರಸಭೆ ಅಧ್ಯಕ್ಷ ಬೂಟುಗಾಲನ್ನು ಕಲ್ಲಿನ ಮೇಲಿಟ್ಟೇ ಕೇಳಿದ. ಕಲ್ಲುಕುಟಿಗ ಉಳಿ ಕೆಳಗಿಟ್ಟ. ಹನ್ನೊಂದು ದಿನ ಬೆನ್ನು ಬಗ್ಗಿಸಿ ಕೆತ್ತಿದ ಆಳೆತ್ತರದ ಕರಿಕಲ್ಲು ಅದು. ಯುದ್ಧಕ್ಕೆ ಹೋದವರ ನೆನಪಿಗೆಂದು ಸರ್ಕಾರ ಅನುದಾನ ಕೊಟ್ಟು, ಪಾರ್ಕು ಎದ್ದು, ಕಾರಂಜಿಯೂ ಚಿಮ್ಮಿತ್ತು. ಕಲ್ಲಿನ ಮುಕ್ಕಾಲು ಪಾಲಿನಲ್ಲಿ ಮಂತ್ರಿ, ಅಧ್ಯಕ್ಷ, ಅಧ್ಯಕ್ಷನ ಹೆಂಡತಿ, ಎಂಜಿನಿಯರ್, ಕಂಟ್ರಾಕ್ಟರ್ ದಪ್ಪ ಅಕ್ಷರಗಳಾಗಿ ಮೈಚಾಚಿ ಮಲಗಿದ್ದರು. ಸತ್ತವರಿಗೆ ಉಳಿದದ್ದು ಗೇಣು ಜಾಗ. ಊರಿನಿಂದ ಹೋಗಿ ಸತ್ತವರು ಒಂಬತ್ತು ಮಂದಿ. ಚೀಟಿಯಲ್ಲಿದ್ದ ಹೆಸರು ಎಂಟು.

“ನಮ್ಮಣ್ಣನ ಹೆಸರು ಬಿಟ್ಟೋಗೈತೆ ಸ್ವಾಮಿ.”

“ನಿಮ್ಮಣ್ಣ ಬಂದೂಕ ಹಿಡಿದಿದ್ನೇನೋ? ದಂಡಿನ ಪಾಯಖಾನೆ ತೊಳೀತಿದ್ದ.”

“ಬಂದೂಕ ಯಾರ ಕೈಲೈತೆ, ಪೊರಕೆ ಯಾರ ಕೈಲೈತೆ ಅಂತ ಕೇಳ್ಕೊಂಡು ಬಾಂಬು ಬೀಳಲಿಲ್ಲ ಸ್ವಾಮಿ.”

ಕಂಟ್ರಾಕ್ಟರ್ ಕಿಸಕ್ಕನೆ ನಕ್ಕ. “ಪಾರ್ಕಿನ ಕಕ್ಕಸಿನ ಗೋಡೆ ಖಾಲಿ ಐತೆ. ಅಲ್ಲಿ ಕೆತ್ಕೋ ಹೋಗು.”

ಜಲ್ಲಿ ಹೊತ್ತು ನಿಂತಿದ್ದ ಕಲ್ಲುಕುಟಿಗನ ಅತ್ತಿಗೆ ಬುಟ್ಟಿಯನ್ನು ಅಧ್ಯಕ್ಷನ ಕಾಲ ಬಳಿ ಕುಕ್ಕಿದಳು.

“ಬೋಳಿ ಅಂದ್ಯಲ್ಲ, ಅವಳು ನಾನು. ಇವನ ತಾಯಿ ಅಲ್ಲ, ಅತ್ತಿಗೆ. ಗಂಡನ ಹೆಣಾನೂ ಬರ್ಲಿಲ್ಲ ನಂಗೆ, ಒಂದು ಬೆಲ್ಟು ಬಂತು. ಅವನಿಗೆ ಒಂದು ಸಾಲಿಗೆ ಜಾಗ ಇಲ್ಲ. ನಿನ್ನ ಹೆಂಡ್ತಿ ಯಾವ ಯುದ್ಧದಾಗೆ ಸತ್ತಳೋ?”

ಅಧ್ಯಕ್ಷನ ಮುಖ ಇಂಗು ತಿಂದ ಮಂಗನಂತಾಯಿತು. “ಈ ಮುಂಡೇನ ಆಚೆಗೆ ನೂಕ್ರೋ!”

ಕಂಟ್ರಾಕ್ಟರ್ ಅವಳ ರಟ್ಟೆಗೆ ಕೈಹಾಕಿದ.

ಕಲ್ಲುಕುಟಿಗ ಉಳಿ ಎತ್ತಿಕೊಂಡ. ಕಲ್ಲಿನ ಎಳೆ ಎಲ್ಲಿ ಹರಿದಿದೆ ಎಂಬುದು ಅವನ ಬೆರಳಿಗೆ ಗೊತ್ತಿತ್ತು. ದೊಡ್ಡವರು ಮುಗಿದು ಸತ್ತವರು ಶುರುವಾಗುವ ಕಡೆ ಉಳಿಯಿಟ್ಟು, ಸುತ್ತಿಗೆ ಬೀಸಿದ. ಮೂರನೇ ಏಟಿಗೆ ಕಲ್ಲು ಎರಡು ಹೋಳಾಯಿತು.

ಅವನನ್ನು ಪೊಲೀಸರು ಎಳೆದೊಯ್ದರು. ಎರಡು ವಾರ ಬಿಟ್ಟು ಹೊರಬಂದಾಗ ಎಡಗೈ ಮೇಲೇಳುತ್ತಿರಲಿಲ್ಲ. ಪಾರ್ಕಿನ ಮುಂದೆಯೇ ಹಾದುಬಂದ. ಬೇರೆ ಯಾವನೋ ಕೆತ್ತಿದ ಹೊಸ ಕಲ್ಲು ನಿಂತಿತ್ತು. ಅದರಲ್ಲಿ ಮಂತ್ರಿ ಇನ್ನಷ್ಟು ದಪ್ಪಗಾಗಿದ್ದ. ಅಣ್ಣ ಅಲ್ಲೂ ಇರಲಿಲ್ಲ.

ಗುಡಿಸಲು ಸಾಲಿನ ನಲ್ಲಿಯ ಬಳಿ ಬಟ್ಟೆ ಒಗೆಯುವ ಸದ್ದು ಕೇಳುತ್ತಿತ್ತು. ಚರಂಡಿಗೆ ಎಸೆದಿದ್ದ, ದೊಡ್ಡವರ ಹೆಸರಿದ್ದ ಮೇಲಿನ ಹೋಳನ್ನು ಹೆಂಗಸರು ಹಗ್ಗ ಕಟ್ಟಿ ಎಳೆತಂದು, ಅಕ್ಷರ ಮೇಲೆ ಮಾಡಿ ಒಗೆಯುವ ಕಲ್ಲಾಗಿ ಹಾಸಿದ್ದರು. ಸೆರಗು ಸಿಕ್ಕಿಸಿ ನಿಂತಿದ್ದ ಅತ್ತಿಗೆ ಅವನನ್ನು ಕಂಡು ಕಣ್ಣೊರೆಸಿಕೊಂಡಳು. ಜೋತುಬಿದ್ದ ಕೈಯನ್ನು ನೋಡಿದಳು. ಪಕ್ಕದ ಗುಡಿಸಲಿನ ಕೂಸಿನ ಹೇಲುಬಟ್ಟೆಯನ್ನು ಬಕೆಟ್ಟಿನಿಂದ ಎತ್ತಿಕೊಂಡಳು.

“ಓದು ಬರೋದು ನಿಂಗೊಬ್ಬನಿಗೇ ಕಣಪ್ಪಾ. ಅಧ್ಯಕ್ಷ ಎಲ್ಲವ್ನೆ, ತೋರ್ಸು.”

“ಎರಡನೇ ಸಾಲು ಅತ್ಗೆ. ಆ ಕಡೆ ತುದಿಯಿಂದ.”

ಅವಳು ಅತ್ತ ಸರಿದು ನಿಂತು, ಬಟ್ಟೆಯನ್ನು ತಲೆಯ ಮೇಲಕ್ಕೆತ್ತಿದಳು.