ಹದಿನಾಲ್ಕು ಹೆಸರು ಕೇಳಿಸಿದ ಮೈಕು

ನಾನು ಹುಬ್ಬಳ್ಳಿಯ ಒಂದು ಖಾಸಗಿ ಎಫ್‌ಎಂ ಸ್ಟೇಷನ್ನಿನ ಮೈಕು. ಹುಟ್ಟಿದ್ದು ಯಾವುದೋ ದೂರದ ಕಾರ್ಖಾನೆಯಲ್ಲಿ. ನಾಲಿಗೆ ತಿರುಗಿದ್ದು ಮಾತ್ರ ಇಲ್ಲಿ, ಕಾರ್ಯಕ್ರಮ ನಡೆಸುವ ಸುಮಂಗಲಾ ಬಡಿಗೇರ ಅವರ ಮುಂದೆ. ನನಗವಳು ಸುಮಂಗಲಕ್ಕ.

ಆಗ ನಮ್ಮದು ಹಳೆಯ ಹಾಡುಗಳ ಸ್ಟೇಷನ್. ಹಾಡು ಬೇಕೆಂದು ಕಾರ್ಡು ಬರೆಯುವ ಕೇಳುಗರು ಒಂದೇ ಹಾಡಿಗೆ ಅತ್ತೆ, ಮಾವ, ಮೈದುನ, ತೊಟ್ಟಿಲ ಕೂಸು ಎಂದು ಮನೆಮಂದಿಯನ್ನೆಲ್ಲ ತುಂಬುತ್ತಿದ್ದರು. ಒಂದು ಹೆಸರು ಬಿಟ್ಟರೂ ಮರುದಿನ ಜಗಳ. ಅಕ್ಕ ಓದುವಾಗ ಒಂದನ್ನೂ ಬಿಡುತ್ತಿರಲಿಲ್ಲ.

ಮಾಲೀಕರು ಬದಲಾದರು. ಹಳೆಯ ಹಾಡು ಹೋಗಿ ಹಿಂದಿ ಹಾಡು ಬಂತು. ಅದೂ ಸಾಲದೆಂದು ಫೋನಿನಲ್ಲಿ ಬಡಪಾಯಿಗಳನ್ನು ಗೋಳುಹೊಯ್ದುಕೊಳ್ಳುವ ಕಾರ್ಯಕ್ರಮ. ನನಗಂತೂ ನಾಚಿಕೆ. ಕೊನೆಗೆ ಇನಾಮದಾರ ಎಂಬ ಹೊಸ ಮ್ಯಾನೇಜರು ಬಂದು, "ಮಾತು ಬ್ಯಾಡ್ರಿ, ಬರೇ ಹಾಡು. ಕಂಪ್ಯೂಟರೇ ಹಾಕ್ತದ" ಎಂದರು. ಅಕ್ಕನಿಗೆ ಉಳಿದದ್ದು ಗಂಟೆಗೊಮ್ಮೆ ಸ್ಟೇಷನ್ನಿನ ಹೆಸರು ಹೇಳುವುದು. ತಿಂಗಳ ಕೊನೆಯಿಂದ ಅದೂ ಇಲ್ಲವೆಂದು ನೋಟಿಸು ಬಂತು.

ಎಲ್ಲರೂ "ಹಲೋ ಹಲೋ" ಎಂದು ಮೈಕು ಪರೀಕ್ಷಿಸಿದರೆ, ಅಕ್ಕನಿಗೆ ಹಳೆಯ ಕಾರ್ಡು ಓದಿ ಪರೀಕ್ಷಿಸುವ ಚಟ. ಒಂದು ಬೆಳಿಗ್ಗೆ ನನ್ನ ಸ್ವಿಚ್ಚು ಚಾಲೂ ಇದ್ದದ್ದನ್ನು ಅವಳು ನೋಡಲಿಲ್ಲ. ನಾನು ಹೇಳೋಣವೆಂದರೆ ನನಗೆ ಸ್ವಂತದ ಮಾತೆಲ್ಲಿದೆ? "ನವಲಗುಂದದಿಂದ ಚನ್ನವ್ವ, ಅವರ ಯಜಮಾನರು ಫಕ್ಕೀರಪ್ಪ..." ಹದಿನಾಲ್ಕು ಹೆಸರೂ ಹಿಂದಿ ಹಾಡಿನ ಮೇಲೆಯೇ ಊರಿಗೆಲ್ಲ ಕೇಳಿದವು.

ಇನಾಮದಾರರು ಕೆಂಡವಾಗಿ ಓಡಿಬಂದರು. ಅಷ್ಟರಲ್ಲಿ ಫೋನು ಹೊಡೆದುಕೊಂಡಿತು. ಅವರೇ ಸ್ಪೀಕರ್ ಹಾಕಿದರು.

"ನಾ ನವಲಗುಂದದ ಚನ್ನವ್ವರಿ. ನಮ್ಮ ಮನಿಯವರ ಹೆಸರು ಓದಿದ್ರಲ್ಲ..."

"ತಪ್ಪಾತ್ರಿ ಯವ್ವಾ, ಅದು ಹಳೇ ಕಾರ್ಡು" ಎಂದಳು ಅಕ್ಕ.

"ಆ ಕಾರ್ಡು ಅವರೇ ಬರದಿದ್ರು, ತೀರಿಕೊಂಡು ಎರಡು ವರ್ಷ ಆತವ್ವ. ಮನ್ಯಾಗ ಯಾರ ಬಾಯಾಗೂ ಅವರ ಹೆಸರಿಲ್ಲ. ನಾ ಅಂತೂ ಗಂಡನ ಹೆಸರು ಹ್ಯಾಂಗ ಹೇಳಲಿ? ಇನ್ನೊಮ್ಮೆ ಓದವ್ವ."

ಇನಾಮದಾರರು ಅಕ್ಕನ ಕಡೆ ಕುರ್ಚಿ ಸರಿಸಿ, "ಓದ್ರಿ" ಎಂದರು. ಅವಳು ಹದಿನಾಲ್ಕು ಹೆಸರನ್ನೂ ಮತ್ತೆ ಓದಿದಳು.

ನೋಟಿಸನ್ನು ಇನಾಮದಾರರೇ ಹರಿದುಹಾಕಿದರು, ಬೆಳಿಗ್ಗೆ ಏಳಕ್ಕೆ ಹೆಸರು ಓದುವ ಕಾರ್ಯಕ್ರಮ ಶುರುವಾಯಿತು. ಮುಂದೆ ಸ್ಟೇಷನ್ನು ಇನ್ನೆರಡು ಸಲ ವೇಷ ಬದಲಿಸಿದರೂ ಅದನ್ನು ಯಾರೂ ಮುಟ್ಟಲಿಲ್ಲ. ದನಿ ಒಡೆದ ನಾನೀಗ ಸ್ಟುಡಿಯೋದ ಕಪಾಟಿನ ಮೇಲೆ ಆರಾಮಾಗಿದ್ದೇನೆ. ನನ್ನ ಜಾಗದಲ್ಲಿ ಹೊಸ ಮೈಕು ಬಂದಿದೆ, ಹೊಟ್ಟೆಕಿಚ್ಚೇನಿಲ್ಲ. ಚನ್ನವ್ವನ ಕಾರ್ಡು ಈಗಲೂ ಪ್ರತಿ ಸೋಮವಾರ ಬರುತ್ತದೆ. ಗಂಡನ ಹೆಸರಿನ ಜಾಗವನ್ನು ಆಕೆ ಖಾಲಿ ಬಿಟ್ಟಿರುತ್ತಾಳೆ. ಸುಮಂಗಲಕ್ಕ ತಾನೇ ಸೇರಿಸಿ ಓದುತ್ತಾಳೆ.